ರಕ್ತನಾಳದ ಒಳಗೋಡೆ: ಎರಡು ಕಿಣ್ವಗಳ ಚರಿತ್ರೆ

ಮಂಡಿಯ ಕೀಲು ಬಾತುಕೊಂಡಾಗ, ಗಾಯ ಕೀವುಗಟ್ಟಿದಾಗ, ನ್ಯುಮೋನಿಯಾ ಬಲಿತು ಶ್ವಾಸಕೋಶದಲ್ಲಿ ನೀರು ತುಂಬಿದಾಗ, ಮೂರೂ ಕಡೆ ನಡೆದಿರುವ ಕೆಲಸ ಮೂಲದಲ್ಲಿ ಒಂದೇ. ರಕ್ತದೊಡನೆ ಹರಿಯುತ್ತಿದ್ದ ಬಿಳಿ ಕಣಗಳು ಸಣ್ಣ ರಕ್ತನಾಳದ ಗೋಡೆಗೆ ಅಂಟಿಕೊಂಡು, ಗೋಡೆ ದಾಟಿ, ಸುತ್ತಲಿನ ಅಂಗಾಂಶಕ್ಕೆ ಇಳಿದಿರುತ್ತವೆ. ಜೊತೆಗೆ ರಕ್ತದ ದ್ರವವೂ ಸೋರಿರುತ್ತದೆ. ಇದೇ ಉರಿಯೂತ. ಸೋಂಕು ತಗುಲಿದಾಗ ದೇಹವನ್ನು ಕಾಯುವುದು ಇದೇ. ಬೇಡದ ಕಡೆ ಶುರುವಾದರೆ, ಅಥವಾ ನಿಲ್ಲಬೇಕಾದಾಗ ನಿಲ್ಲದೆ ಹೋದರೆ, ಇದೇ ಸಂಧಿವಾತವಾಗುತ್ತದೆ, ಕರುಳಿನ ಹುಣ್ಣಾಗುತ್ತದೆ, ಪಿತ್ತಜನಕಾಂಗವನ್ನು ಗಡುಸಾಗಿಸುತ್ತದೆ. ಬಿಳಿ ಕಣ ದಾಟುವ ಗೋಡೆಯ ಒಳಮೈಯಲ್ಲಿ, ರಕ್ತದ ಹರಿವಿಗೆ ಮುಖ ಮಾಡಿಕೊಂಡು, ಹಲವು ಕಿಣ್ವಗಳಿವೆ. ಅವುಗಳಲ್ಲಿ ಎರಡನ್ನು, ವ್ಯಾಪ್-1 ಮತ್ತು ಸಿಡಿ73 ಎಂಬುವನ್ನು, ಹಿಡಿದು ಉರಿಯೂತವನ್ನು ಹತೋಟಿಗೆ ತರಬಹುದೇ ಎಂಬ ಪ್ರಯತ್ನ ಕಳೆದ ಮೂರು ದಶಕಗಳಿಂದ ನಡೆದಿದೆ. ಎರಡರ ಚರಿತ್ರೆಯೂ ಫಿನ್ಲೆಂಡಿನ ಟುರ್ಕು ನಗರದ ಮೂಲಕ ಹಾದುಹೋಗುತ್ತದೆ.

ಉರಿಯೂತದ ನಾಲ್ಕು ಲಕ್ಷಣಗಳನ್ನು, ಅಂದರೆ ಕೆಂಪು, ಊತ, ಬಿಸಿ, ನೋವು ಇವನ್ನು, ರೋಮಿನ ಸೆಲ್ಸಸ್ ಕ್ರಿ.ಶ. ಒಂದನೆಯ ಶತಮಾನದಲ್ಲೇ ಬರೆದಿಟ್ಟಿದ್ದ. ಆ ಲಕ್ಷಣಗಳ ಹಿಂದೆ ಏನು ನಡೆಯುತ್ತದೆ ಎಂಬುದನ್ನು ಕಣ್ಣಾರೆ ನೋಡಲು ಸೂಕ್ಷ್ಮದರ್ಶಕ ಬರಬೇಕಾಯಿತು. 1824ರಲ್ಲಿ ಫ್ರಾನ್ಸಿನ ಆನ್ರಿ ದ್ಯುತ್ರೋಶೆ ರಕ್ತದ ಕಣಗಳು ನಾಳದಿಂದ ಹೊರಗೆ ಹೋಗುವುದನ್ನು ಕಂಡು ಬರೆದ. 1840ರ ದಶಕದಲ್ಲಿ ಇಂಗ್ಲೆಂಡಿನ ವಿಲಿಯಂ ಅಡಿಸನ್ ಮತ್ತು ಆಗಸ್ಟಸ್ ವಾಲರ್ ಅದನ್ನೇ ಕಂಡರು. ವಾಲರ್ ನೋಡಿದ್ದು ಕಪ್ಪೆಯ ನಾಲಿಗೆಯಲ್ಲಿ. ಇವರ ಮಾತನ್ನು ಹೆಚ್ಚು ಜನ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಕಾಲದ ಜರ್ಮನಿಯಲ್ಲಿ ವೈದ್ಯವಿಜ್ಞಾನಕ್ಕೆ ದೊಡ್ಡ ಹೆಸರಾಗಿದ್ದ ರೂಡಾಲ್ಫ್ ವಿರ್ಚೋ, ಕೀವಿನ ಕಣಗಳು ಗಾಯವಾದ ಜಾಗದ ಅಂಗಾಂಶದಲ್ಲೇ ಹುಟ್ಟುತ್ತವೆ ಎಂದು ನಂಬಿದ್ದ.

ಆ ನಂಬಿಕೆಯನ್ನು ಕೆಡವಿದ್ದು ವಿರ್ಚೋನ ಶಿಷ್ಯನೇ. ಯೂಲಿಯಸ್ ಕೋನ್‌ಹೈಮ್ 1867ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇಂದು ಓದಿದರೂ ಬೆರಗಾಗುವಷ್ಟು ಸ್ಪಷ್ಟವಾಗಿವೆ. ಕಪ್ಪೆಯನ್ನು ಅಲುಗಾಡದಂತೆ ಮಾಡಿ, ಅದರ ಕರುಳಿನ ಪಾರದರ್ಶಕ ಪೊರೆಯನ್ನು ಹೊರಗೆಳೆದು ಸೂಕ್ಷ್ಮದರ್ಶಕದ ಕೆಳಗೆ ಹರಡಿ ಗಂಟೆಗಟ್ಟಲೆ ನೋಡುತ್ತ ಕುಳಿತ. ಗಾಳಿ ತಾಗಿದ್ದೇ ಪೊರೆಗೆ ಉರಿಯೂತ ಶುರುವಾಗುತ್ತದೆ. ಮೊದಲು ನಾಳಗಳು ಹಿಗ್ಗುತ್ತವೆ, ರಕ್ತದ ವೇಗ ತಗ್ಗುತ್ತದೆ. ಆಮೇಲೆ ಸಣ್ಣ ಅಭಿಧಮನಿಗಳ ಅಂಚಿನಲ್ಲಿ ಬಿಳಿ ಕಣಗಳು ಒಂದೊಂದಾಗಿ ನಿಲ್ಲತೊಡಗುತ್ತವೆ. ಕೆಂಪು ಕಣಗಳು ಮಾತ್ರ ನಡುವೆ ಹರಿಯುತ್ತಲೇ ಇರುತ್ತವೆ. ಸ್ವಲ್ಪ ಹೊತ್ತಿಗೆ ನಾಳದ ಹೊರಮೈಯಲ್ಲಿ ಬಣ್ಣವಿಲ್ಲದ ಒಂದು ಸಣ್ಣ ಉಬ್ಬು ಕಾಣುತ್ತದೆ, ಅದು ಬೆಳೆಯುತ್ತದೆ, ಕೊನೆಗೆ ಇಡೀ ಕಣ ಹೊರಗೆ ಬಂದಿರುತ್ತದೆ. ಕೋನ್‌ಹೈಮ್ ಅಷ್ಟಕ್ಕೆ ಬಿಡಲಿಲ್ಲ. ಪ್ರಾಣಿಯ ರಕ್ತಕ್ಕೆ ಬಣ್ಣದ ಹುಡಿ ಸೇರಿಸಿದ. ಬಿಳಿ ಕಣಗಳು ಅದನ್ನು ನುಂಗಿದವು. ಆಮೇಲೆ ಕಣ್ಣಿನ ಕಾರ್ನಿಯಾಕ್ಕೆ ಗಾಯ ಮಾಡಿದಾಗ ಅಲ್ಲಿ ಕೂಡಿದ ಕೀವಿನ ಕಣಗಳಲ್ಲಿ ಅದೇ ಬಣ್ಣ ಸಿಕ್ಕಿತು. ಕೀವು ಬರುವುದು ರಕ್ತದಿಂದ ಎಂಬುದರಲ್ಲಿ ಆಮೇಲೆ ಅನುಮಾನ ಉಳಿಯಲಿಲ್ಲ.

ಮುಂದಿನ ವರ್ಷಗಳಲ್ಲಿ ಅವನು ಇನ್ನೊಂದು ಹೆಜ್ಜೆ ಇಟ್ಟ. ಬಿಳಿ ಕಣಗಳು ಒಂದು ಜಾಗದಲ್ಲಷ್ಟೇ ನಿಲ್ಲುವುದೇಕೆ? ರಕ್ತ ಎಲ್ಲ ಕಡೆಯೂ ಒಂದೇ. ಹಾಗಾದರೆ ಬದಲಾಗಿರಬೇಕಾದದ್ದು ಆ ಜಾಗದ ಗೋಡೆ. ಗೋಡೆಯ ಮೈಯಲ್ಲಿ ಅಣುಗಳ ಮಟ್ಟದ ಏನೋ ಬದಲಾವಣೆ ಆಗಿದೆ ಎಂದು ಅವನು 1873ರಲ್ಲಿ ವಾದಿಸಿದ. ಆ ಅಣುಗಳು ಯಾವುವು ಎಂದು ಹುಡುಕುವ ಸಾಧನ ಅವನಿಗಾಗಲಿ ಅವನ ಕಾಲಕ್ಕಾಗಲಿ ಇರಲಿಲ್ಲ. ಉತ್ತರ ಬರಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ರಕ್ತನಾಳದ ಒಳಗೆ ಹಾಸಿರುವ ಒಂದೇ ಪದರದ ಜೀವಕೋಶಗಳಿಗೆ ಎಂಡೋಥೀಲಿಯಂ ಎಂಬ ಹೆಸರನ್ನು ವಿಲ್‌ಹೆಲ್ಮ್ ಹಿಸ್ 1865ರಲ್ಲೇ ಕೊಟ್ಟಿದ್ದ. ಹೆಸರು ಬಂತು, ಗೌರವ ಬರಲಿಲ್ಲ. ರಕ್ತ ಹೊರಗೆ ಚೆಲ್ಲದಂತೆ ತಡೆಯುವ ತೆಳುವಾದ ಹಾಳೆ ಎಂಬಷ್ಟಕ್ಕೇ ಬಹುಕಾಲ ಅದನ್ನು ಸೀಮಿತಗೊಳಿಸಲಾಗಿತ್ತು. ಪೆನಿಸಿಲಿನ್‌ನಿಂದ ಹೆಸರಾದ ಹೋವರ್ಡ್ ಫ್ಲೋರಿ ಈ ಪದರದ ಬಗ್ಗೆ ಕುತೂಹಲ ತಳೆದಿದ್ದ. ಬಿಳಿ ಕಣ ಗೋಡೆ ದಾಟುವುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ವಿನ್ಸೆಂಟ್ ಮಾರ್ಕೇಸಿಯೊಡನೆ ನೋಡಿದವನೂ ಅವನೇ. ಆ ಪದರ ಬರೀ ಹಾಳೆಯಲ್ಲ ಎಂದು 1966ರಲ್ಲಿ ಬರೆದವನೂ ಅವನೇ. 1973ರಲ್ಲಿ ಅಮೆರಿಕದಲ್ಲಿ ಹೊಕ್ಕುಳಬಳ್ಳಿಯ ನಾಳದಿಂದ ಈ ಜೀವಕೋಶಗಳನ್ನು ತೆಗೆದು ಗಾಜಿನ ತಟ್ಟೆಯಲ್ಲಿ ಬೆಳೆಸುವ ವಿಧಾನ ಬಂದ ಮೇಲೆ ಅಧ್ಯಯನಕ್ಕೆ ವೇಗ ಸಿಕ್ಕಿತು.

ಆ ಹೊತ್ತಿಗೆ ಗೋಡೆಯ ಮೇಲಿನ ಒಂದು ಕಿಣ್ವ ಔಷಧಶಾಸ್ತ್ರದ ಕೇಂದ್ರಕ್ಕೆ ಬಂದಿತ್ತು, ಆದರೆ ರಕ್ತದೊತ್ತಡದ ದಾರಿಯಿಂದ. ಆಂಜಿಯೋಟೆನ್ಸಿನ್ ಎಂಬ ರಾಸಾಯನಿಕವನ್ನು ನಾಳ ಬಿಗಿಯಿಸುವ ರೂಪಕ್ಕೆ ತರುವ ಕಿಣ್ವವನ್ನು ಅಮೆರಿಕದ ಲಿಯೊನಾರ್ಡ್ ಸ್ಕೆಗ್ಸ್ 1950ರ ದಶಕದಲ್ಲಿ ಗುರುತಿಸಿದ್ದ. ಈ ಪರಿವರ್ತನೆ ರಕ್ತ ಶ್ವಾಸಕೋಶವನ್ನು ಒಮ್ಮೆ ಹಾದುಹೋಗುವಷ್ಟರಲ್ಲಿ ಮುಗಿಯುತ್ತದೆ ಎಂದು ಲಂಡನ್ನಿನಲ್ಲಿ ಜಾನ್ ವೇನ್ ಮತ್ತು ಸಹೋದ್ಯೋಗಿಗಳು 1967ರಲ್ಲಿ ತೋರಿಸಿದರು. ಅಲ್ಲಿನ ನಾಳಗಳ ಒಳಮೈಯಲ್ಲೇ ಕಿಣ್ವ ಕೂತಿತ್ತು. ಬ್ರೆಜಿಲಿನ ಜರರಾಕಾ ಹಾವಿನ ವಿಷದಲ್ಲಿ ಸೆರ್ಜಿಯೊ ಫೆರೇರಾ ಗುರುತಿಸಿದ ಅಂಶಗಳು ಅದನ್ನು ತಡೆಯುತ್ತಿದ್ದವು. ಆ ಜಾಡು ಹಿಡಿದು ತಯಾರಾದ ಕ್ಯಾಪ್ಟೊಪ್ರಿಲ್ 1981ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂತು. ಇಂದು ಆ ಗುಂಪಿನ ಮಾತ್ರೆಗಳನ್ನು ಜಗತ್ತಿನಾದ್ಯಂತ ಕೋಟ್ಯಂತರ ಜನ ನುಂಗುತ್ತಾರೆ. ರಕ್ತಕ್ಕೆ ಮುಖ ಮಾಡಿರುವ ಕಿಣ್ವವನ್ನು ಔಷಧಿ ಸುಲಭವಾಗಿ ತಲುಪುತ್ತದೆ, ಜೀವಕೋಶದೊಳಗೆ ನುಗ್ಗುವ ಕಷ್ಟವಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಉರಿಯೂತಕ್ಕೆ ಸಂಬಂಧಿಸಿದ ಕಿಣ್ವದ ಕಥೆ ಮಾತ್ರ ಎರಡು ಕಡೆ, ಒಬ್ಬರಿಗೊಬ್ಬರ ಪರಿಚಯವಿಲ್ಲದೆ, ಬೆಳೆಯಿತು.

ಒಂದು ಕಡೆ ಇದ್ದವರು ಜೀವರಸಾಯನಶಾಸ್ತ್ರಜ್ಞರು. ಕೇಂಬ್ರಿಜ್‌ನಲ್ಲಿ ಮೇರಿ ಹೇರ್ 1928ರಲ್ಲಿ ಪಿತ್ತಜನಕಾಂಗದಿಂದ ಟೈರಮೀನನ್ನು ಒಡೆಯುವ ಕಿಣ್ವವೊಂದನ್ನು ಕಂಡುಹಿಡಿದಳು. ಅದು ಇಂದು ಮಾನೋಅಮೀನ್ ಆಕ್ಸಿಡೇಸ್ ಎಂದು ಪರಿಚಿತ, ಖಿನ್ನತೆಯ ಕೆಲವು ಔಷಧಿಗಳು ತಡೆಯುವುದು ಅದನ್ನೇ. 1950ರ ದಶಕದಲ್ಲಿ ದನ ಮತ್ತು ಕುರಿಯ ರಕ್ತದ್ರವದಲ್ಲಿ ಅಮೀನುಗಳನ್ನು ಒಡೆಯುವ ಬೇರೊಂದು ಬಗೆಯ ಕಿಣ್ವ ಸಿಕ್ಕಿತು. 1960ರ ದಶಕದಲ್ಲಿ ಫ್ರಾಂಕಾ ಬುಫೋನಿ ಮತ್ತು ಹರ್ಮನ್ ಬ್ಲಾಶ್ಕೊ ಹಂದಿಯ ರಕ್ತದಿಂದ ಇದನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಇದರಲ್ಲಿ ತಾಮ್ರವಿತ್ತು. ಮಾನೋಅಮೀನ್ ಆಕ್ಸಿಡೇಸನ್ನು ತಡೆಯುವ ಹಲವು ಔಷಧಿಗಳಿಗೆ ಇದು ಜಗ್ಗುತ್ತಿರಲಿಲ್ಲ. ಸೆಮಿಕಾರ್ಬಝೈಡ್ ಎಂಬ ರಾಸಾಯನಿಕಕ್ಕೆ ಮಾತ್ರ ತಕ್ಷಣ ಮಣಿಯುತ್ತಿತ್ತು. ಹಾಗೆ ಮಣಿಯುವುದರ ಕಾರಣ 1990ರಲ್ಲಿ ಬರ್ಕ್ಲಿಯ ಜುಡಿತ್ ಕ್ಲಿನ್ಮನ್ ತಂಡದಿಂದ ತಿಳಿಯಿತು. ಕಿಣ್ವದ ಸರಪಳಿಯಲ್ಲಿರುವ ಒಂದು ಟೈರೋಸಿನ್ ಅಲ್ಲೇ ರೂಪ ಬದಲಿಸಿ ಟೋಪಾಕ್ವಿನೋನ್ ಆಗುತ್ತದೆ; ಸೆಮಿಕಾರ್ಬಝೈಡ್ ಹೋಗಿ ಕಚ್ಚಿಕೊಳ್ಳುವುದು ಅದಕ್ಕೆ.

ಈ ಕಿಣ್ವ ಮಾಡುವ ಕೆಲಸವನ್ನು ಒಂದು ಸಾಲಿನಲ್ಲಿ ಹೇಳಬಹುದು: ಅಮೀನೊಂದನ್ನು ಆಮ್ಲಜನಕ ಮತ್ತು ನೀರಿನ ನೆರವಿನಿಂದ ಒಡೆದು ಆಲ್ಡಿಹೈಡ್, ಅಮೋನಿಯಾ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ. ದೇಹದಲ್ಲಿ ಸಹಜವಾಗಿ ಇರುವ ಮೀಥೈಲಮೀನ್ ಇದರ ಕೈಗೆ ಸಿಕ್ಕರೆ ಫಾರ್ಮಾಲ್ಡಿಹೈಡ್ ಆಗುತ್ತದೆ. ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಇದರ ಚಟುವಟಿಕೆ ಹೆಚ್ಚು ಎಂದು ಸ್ವೀಡನ್ನಿನ ಸಂಶೋಧಕರು 1960ರ ದಶಕದಲ್ಲೇ ಗಮನಿಸಿದ್ದರು. ನಾಳಗಳ ಗೋಡೆಯಲ್ಲೂ ಕೊಬ್ಬಿನ ಜೀವಕೋಶಗಳಲ್ಲೂ ಇದು ಧಾರಾಳವಾಗಿ ಕಾಣುತ್ತಿತ್ತು. ಆದರೆ ಇಂಥ ವಿಷಕಾರಿ ವಸ್ತುಗಳನ್ನು ಉಗುಳುವ ಕಿಣ್ವವನ್ನು ದೇಹ ಯಾತಕ್ಕೆ ಸಾಕಿಕೊಂಡಿದೆ ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ.

ಇನ್ನೊಂದು ಕಡೆ ಇದ್ದವರು ರೋಗನಿರೋಧಕಶಾಸ್ತ್ರದವರು. ಆಕ್ಸ್‌ಫರ್ಡಿನ ಜೇಮ್ಸ್ ಗವನ್ಸ್ 1950ರ ದಶಕದ ಕೊನೆಯಿಂದ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳು, ಲಿಂಫೋಸೈಟ್ ಎಂಬ ಬಿಳಿ ಕಣಗಳು ರಕ್ತದಿಂದ ದುಗ್ಧಗ್ರಂಥಿಗೆ, ಅಲ್ಲಿಂದ ಮತ್ತೆ ರಕ್ತಕ್ಕೆ ಎಡೆಬಿಡದೆ ಸುತ್ತುತ್ತವೆ ಎಂದು ತೋರಿಸಿದವು. ಗ್ರಂಥಿಯೊಳಕ್ಕೆ ಅವು ಇಳಿಯುವುದು ಒಂದು ವಿಶೇಷ ಬಗೆಯ ಸಣ್ಣ ನಾಳದಿಂದ. ಅದರ ಒಳಪದರದ ಜೀವಕೋಶಗಳು ಚಪ್ಪಟೆಯಾಗಿರದೆ ಎತ್ತರವಾಗಿರುತ್ತವೆ. 1976ರಲ್ಲಿ ನ್ಯೂಯಾರ್ಕಿನ ಹ್ಯೂ ಸ್ಟ್ಯಾಂಪರ್ ಮತ್ತು ಜುಡಿತ್ ವುಡ್ರಫ್ ಸರಳವಾದ ಒಂದು ಪರೀಕ್ಷೆ ಹುಡುಕಿದರು. ಹೆಪ್ಪುಗಟ್ಟಿಸಿದ ಗ್ರಂಥಿಯ ತೆಳು ಹೋಳಿನ ಮೇಲೆ ಲಿಂಫೋಸೈಟುಗಳನ್ನು ಸುರಿದು ಅಲುಗಾಡಿಸಿ ತೊಳೆದರೆ, ಕಣಗಳು ಆ ಎತ್ತರದ ಪದರಕ್ಕೆ ಮಾತ್ರ ಅಂಟಿ ಉಳಿಯುತ್ತಿದ್ದವು. ಕೋನ್‌ಹೈಮ್ ಊಹಿಸಿದ್ದ ಗೋಡೆಯ ಗುಟ್ಟನ್ನು ಈಗ ಗಾಜಿನ ತುಂಡಿನ ಮೇಲೆ ಅಳೆಯಬಹುದಾಗಿತ್ತು. ಈ ಪರೀಕ್ಷೆಯಿಂದ ಮುಂದಿನ ಹದಿನೈದು ವರ್ಷ ಒಂದರ ಹಿಂದೊಂದು ಅಂಟು-ಅಣುಗಳು ಹೊರಬಿದ್ದವು. 1990ರ ದಶಕದ ಆರಂಭಕ್ಕೆ ಇಡೀ ಕ್ರಮ ಸ್ಪಷ್ಟವಾಯಿತು: ಬಿಳಿ ಕಣ ಮೊದಲು ಗೋಡೆಯ ಮೇಲೆ ಉರುಳುತ್ತದೆ, ನಂತರ ಸೂಚನೆ ಸಿಕ್ಕಿ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ, ಆಮೇಲೆ ದಾಟುತ್ತದೆ. ಪ್ರತಿ ಹಂತಕ್ಕೂ ಬೇರೆ ಬೇರೆ ಅಣುಗಳು.

ಈ ಅಣುಗಳು ಎಷ್ಟು ಮುಖ್ಯ ಎಂಬುದು ಕೆಲವು ಮಕ್ಕಳ ಕಾಯಿಲೆಯಿಂದ ಮನವರಿಕೆಯಾಗಿತ್ತು. ಹುಟ್ಟಿನಿಂದಲೇ ಅಂಥ ಒಂದು ಅಣುವಿನ ಕೊರತೆಯಿರುವ ಶಿಶುಗಳ ಹೊಕ್ಕುಳಬಳ್ಳಿ ವಾರಗಳಾದರೂ ಬೀಳುವುದಿಲ್ಲ. ರಕ್ತದ ತುಂಬ ಬಿಳಿ ಕಣಗಳಿದ್ದರೂ ಗಾಯದಲ್ಲಿ ಕೀವು ಕೂಡುವುದಿಲ್ಲ. ಸೋಂಕಿನ ಮೇಲೆ ಸೋಂಕು ಬರುತ್ತದೆ. ಗೋಡೆ ದಾಟುವ ದಾರಿಯನ್ನು ಪೂರ್ತಿ ಮುಚ್ಚುವುದು ಎಂದೂ ಚಿಕಿತ್ಸೆಯಾಗಲಾರದು. ಬೇಕಾದ ಕಡೆ ತೆರೆದಿಟ್ಟು, ಬೇಡದ ಕಡೆ ತಗ್ಗಿಸುವ ಉಪಾಯ ಬೇಕಿತ್ತು.

ಸ್ಟ್ಯಾನ್‌ಫರ್ಡಿನಲ್ಲಿ ಯೂಜೀನ್ ಬುಚರ್ ಜೊತೆ ಕೆಲಸ ಮಾಡುತ್ತಿದ್ದ ಫಿನ್ಲೆಂಡಿನ ವೈದ್ಯೆ ಸಿರ್ಪಾ ಯಾಲ್ಕನೆನ್ 1986ರಲ್ಲಿ ಇಂಥ ಉಪಾಯಕ್ಕೆ ಆಸ್ಪದ ಕೊಡುವ ಸಂಗತಿಯೊಂದನ್ನು ಸಹೋದ್ಯೋಗಿಗಳೊಡನೆ ಪ್ರಕಟಿಸಿದರು. ಸಂಧಿವಾತದಿಂದ ಉರಿಯುತ್ತಿರುವ ಕೀಲಿನ ಒಳಪೊರೆಯ ನಾಳಗಳು ಲಿಂಫೋಸೈಟುಗಳನ್ನು ಹಿಡಿಯುವ ಬಗೆ, ದುಗ್ಧಗ್ರಂಥಿಯ ನಾಳಗಳು ಹಿಡಿಯುವ ಬಗೆಗಿಂತ ಬೇರೆ. ಹಾಗಿದ್ದರೆ ಕೀಲಿನ ನಾಳದಲ್ಲಿ ಬೇರೆಯದೇ ಅಣು ಇರಬೇಕು. ಅದನ್ನು ತಡೆದರೆ ಉಳಿದ ದೇಹದ ಕಾವಲು ಕೆಡದೆ ಕೀಲಿನ ಊತ ಇಳಿಯಬಹುದು.

ಅವರು ಈ ಹುಡುಕಾಟವನ್ನು ತಮ್ಮ ದೇಶಕ್ಕೆ, ಟುರ್ಕು ನಗರಕ್ಕೆ ಒಯ್ದರು. ಔರಾ ನದಿಯ ದಡದ ಟುರ್ಕು ಫಿನ್ಲೆಂಡಿನ ಅತ್ಯಂತ ಹಳೆಯ ಪಟ್ಟಣ. ದೇಶದ ಮೊದಲ ವಿಶ್ವವಿದ್ಯಾಲಯ 1640ರಲ್ಲಿ ಹುಟ್ಟಿದ್ದು ಇಲ್ಲೇ. 1827ರ ಮಹಾ ಬೆಂಕಿಯಲ್ಲಿ ಊರು ಸುಟ್ಟುಹೋದ ಮೇಲೆ ಆ ವಿದ್ಯಾಲಯ ಹೆಲ್ಸಿಂಕಿಗೆ ಸ್ಥಳಾಂತರವಾಯಿತು. ಸುಮಾರು ಒಂದು ಶತಮಾನ ವಿಶ್ವವಿದ್ಯಾಲಯವಿಲ್ಲದೆ ಇದ್ದ ಊರು ಜನರ ದೇಣಿಗೆಯಿಂದ 1918ರಲ್ಲಿ ಸ್ವೀಡಿಷ್ ಭಾಷೆಯದೊಂದನ್ನು, 1920ರಲ್ಲಿ ಫಿನ್ನಿಷ್ ಭಾಷೆಯದೊಂದನ್ನು ಮತ್ತೆ ಕಟ್ಟಿಕೊಂಡಿತು. ಎರಡೂ ಮುಂದೆ ಈ ಕಿಣ್ವದ ಕೆಲಸಕ್ಕೆ ಒದಗಿಬಂದವು.

ಟುರ್ಕುವಿನಲ್ಲಿ ಮಾರ್ಕೊ ಸಾಲ್ಮಿ ಮತ್ತು ಯಾಲ್ಕನೆನ್ ಹಿಡಿದ ದಾರಿ ಹೀಗಿತ್ತು. ಮನುಷ್ಯರ ಕೀಲಿನ ಒಳಪೊರೆಯಿಂದ ತೆಗೆದ ನಾಳಗಳ ಅಂಶವನ್ನು ಇಲಿಗೆ ಚುಚ್ಚಿ, ಅದರ ದೇಹ ತಯಾರಿಸಿದ ಪ್ರತಿಕಾಯಗಳನ್ನು ಒಂದೊಂದಾಗಿ ಬೇರ್ಪಡಿಸಿ, ಯಾವುದು ನಾಳದ ಗೋಡೆಗೆ ಮಾತ್ರ ಅಂಟುತ್ತದೆ ಎಂದು ನೋಡುವುದು. ಅಂಥದೊಂದು ಪ್ರತಿಕಾಯ ಸಿಕ್ಕಿತು. ಅದನ್ನು ಹಾಕಿದರೆ ಲಿಂಫೋಸೈಟುಗಳು ಗೋಡೆಗೆ ಅಂಟುವುದು ಕಡಿಮೆಯಾಗುತ್ತಿತ್ತು. ಅದು ಹಿಡಿದಿದ್ದ ಪ್ರೋಟೀನಿನ ವಿವರ 1992ರಲ್ಲಿ ಪ್ರಕಟವಾಯಿತು. ಅದಕ್ಕೆ ಇಟ್ಟ ಹೆಸರೇ ವ್ಯಾಪ್-1. ಉರಿಯೂತವಿಲ್ಲದ ಕಡೆ ಇದು ಬಹುಮಟ್ಟಿಗೆ ಜೀವಕೋಶದ ಒಳಗಿನ ಚೀಲಗಳಲ್ಲಿ ಅಡಗಿರುತ್ತದೆ, ಉರಿಯೂತ ಶುರುವಾದಾಗ ಮೇಲಕ್ಕೆ ಬರುತ್ತದೆ ಎಂದು ಮುಂದಿನ ಕೆಲಸಗಳು ತೋರಿಸಿದವು. ಔಷಧಿಗೆ ಗುರಿ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಗುಣ ಇನ್ನೇನು ಬೇಕು?

ಎರಡು ಚರಿತ್ರೆಗಳು ಕೂಡಿದ್ದು 1998ರಲ್ಲಿ. ವ್ಯಾಪ್-1ರ ವಂಶವಾಹಿಯ ಪೂರ್ಣ ಬರಹ ಓದಿದಾಗ ಅದು ಯಾವ ಅಂಟು-ಅಣುವಿನ ಕುಟುಂಬಕ್ಕೂ ಸೇರಲಿಲ್ಲ. ತಾಮ್ರವುಳ್ಳ ಆ ಹಳೆಯ ಅಮೀನ್ ಆಕ್ಸಿಡೇಸ್‌ಗೆ ತಾಳೆಯಾಯಿತು. ರಸಾಯನಶಾಸ್ತ್ರಜ್ಞರ ಬಳಿ ಕಿಣ್ವವಿತ್ತು, ಅದರ ಉದ್ದೇಶ ತಿಳಿದಿರಲಿಲ್ಲ. ರೋಗನಿರೋಧಕಶಾಸ್ತ್ರದವರ ಬಳಿ ಉದ್ದೇಶವಿತ್ತು, ಅದನ್ನು ಸಾಧಿಸುವ ಬಗೆ ತಿಳಿದಿರಲಿಲ್ಲ. ಎರಡೂ ಒಂದೇ ಅಣು. ರಕ್ತದ್ರವದಲ್ಲಿ ದಶಕಗಳಿಂದ ಅಳೆಯುತ್ತ ಬಂದ ಚಟುವಟಿಕೆ, ಗೋಡೆಯಿಂದ ಕಳಚಿ ರಕ್ತಕ್ಕೆ ಬಿದ್ದ ವ್ಯಾಪ್-1ರದೇ ಆಗಿತ್ತು. ಈ ಶೋಧ ಈ ಇಡೀ ಚರಿತ್ರೆಯ ಅತ್ಯಂತ ಸುಂದರ ಘಟ್ಟ ಎಂದರೆ ತಪ್ಪಾಗಲಾರದು.

ಅಂಟುವ ಕೆಲಸಕ್ಕೂ ಒಡೆಯುವ ಕೆಲಸಕ್ಕೂ ಏನು ಸಂಬಂಧ? 2001ರಲ್ಲಿ ಅದೇ ತಂಡ, ಕಿಣ್ವದ ಚಟುವಟಿಕೆಯನ್ನು ಮಾತ್ರ ತಡೆದರೂ ಲಿಂಫೋಸೈಟುಗಳು ಗೋಡೆಯ ಮೇಲೆ ಉರುಳುವುದು ಮತ್ತು ದಾಟುವುದು ತಗ್ಗುತ್ತದೆ ಎಂದು ತೋರಿಸಿತು. ಬಿಳಿ ಕಣದ ಮೇಲ್ಮೈಯಲ್ಲಿರುವ ಅಮೀನ್ ಗುಂಪು ಕಿಣ್ವದೊಳಕ್ಕೆ ಹೊಕ್ಕು ಕ್ಷಣಕಾಲ ಬಂಧವಾಗುತ್ತದೆ ಎಂಬುದು ವಿವರಣೆ; ಕಣದ ಕಡೆಯ ಜೋಡಿಗಳಾಗಿ ಸಿಗ್ಲೆಕ್-10 ಮತ್ತು ಸಿಗ್ಲೆಕ್-9 ಎಂಬ ಅಣುಗಳು ಮುಂದಿನ ದಶಕದ ಹೊತ್ತಿಗೆ ಗುರುತಾದವು. ಹೊರಬೀಳುವ ಹೈಡ್ರೋಜನ್ ಪೆರಾಕ್ಸೈಡ್ ಕೂಡ ವ್ಯರ್ಥವಲ್ಲ: ಅದು ಗೋಡೆಯ ಜೀವಕೋಶಗಳಿಗೆ ಸೂಚನೆ ಕೊಟ್ಟು ಇತರ ಅಂಟು-ಅಣುಗಳನ್ನು ಮೇಲಕ್ಕೆ ತರಿಸುತ್ತದೆ. 2005ರಲ್ಲಿ ವ್ಯಾಪ್-1 ಇಲ್ಲದ ಇಲಿಗಳನ್ನು ಬೆಳೆಸಿ ನೋಡಿದಾಗ ಅವು ಆರೋಗ್ಯವಾಗಿಯೇ ಇದ್ದವು. ಉರಿಯೂತ ಹುಟ್ಟಿಸಿದಾಗ ಮಾತ್ರ ಬಿಳಿ ಕಣಗಳ ದಾಟುವಿಕೆ ಕಡಿಮೆಯಿತ್ತು. ಅದೇ ವರ್ಷ ಪ್ರಕಟವಾದ ಮೂರು ಆಯಾಮದ ರಚನೆಯ ಕೆಲಸದಲ್ಲಿ ಟುರ್ಕುವಿನ ಸ್ವೀಡಿಷ್ ವಿಶ್ವವಿದ್ಯಾಲಯದ ಪಾಲಿತ್ತು.

ಔಷಧಿಯ ದಾರಿ ಇಷ್ಟು ನೇರವಾಗಿರಲಿಲ್ಲ. ಟುರ್ಕುವಿನ ಬಯೋಟೈ ಕಂಪನಿ ಮೊದಲು ಇಲಿಯ ಪ್ರತಿಕಾಯವನ್ನು ಚರ್ಮದ ಉರಿಯೂತದಲ್ಲಿ ಪರೀಕ್ಷಿಸಿತು, ನಂತರ ಪೂರ್ತಿ ಮಾನವ ರೂಪದ ಪ್ರತಿಕಾಯವನ್ನು ಸಂಧಿವಾತ ಮತ್ತು ಸೋರಿಯಾಸಿಸ್‌ನಲ್ಲಿ. ಬರ್ಮಿಂಗ್‌ಹ್ಯಾಮಿನ ಡೇವಿಡ್ ಆಡಮ್ಸ್ ಬಳಗ ಪಿತ್ತಜನಕಾಂಗದ ನಾಳಗಳಲ್ಲಿ ವ್ಯಾಪ್-1ರ ಪಾತ್ರವನ್ನು ವರ್ಷಗಟ್ಟಲೆ ಅಭ್ಯಸಿಸಿತ್ತು. ಆ ಊರಿನ ಮುಂದಾಳತ್ವದಲ್ಲಿ ಪಿತ್ತನಾಳಗಳು ಗಡುಸಾಗುವ ಒಂದು ದೀರ್ಘ ಕಾಯಿಲೆಗೆ ಅದೇ ಪ್ರತಿಕಾಯವನ್ನು ಕೊಟ್ಟು ನೋಡಲಾಯಿತು. ಚಿಕಿತ್ಸೆಯಾಗಿ ಮುಂದುವರಿಸುವಂಥ ಫಲ ಬರಲಿಲ್ಲ. ಮಾತ್ರೆಯ ರೂಪದ ತಡೆಗಳ ಪೈಕಿ ಜಪಾನಿನ ಆಸ್ಟೆಲಾಸ್ ಕಂಪನಿಯದು ಹೆಚ್ಚು ಭರವಸೆ ಮೂಡಿಸಿತು. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಕೆಟ್ಟವರಿಗೆ 12 ವಾರ ಅದನ್ನು ಕೊಟ್ಟಾಗ, ಮೂತ್ರದಲ್ಲಿ ಸೋರುವ ಆಲ್ಬುಮಿನ್ ಹುಸಿ ಮಾತ್ರೆ ಪಡೆದವರಿಗೆ ಹೋಲಿಸಿದರೆ ಶೇ. 19.5ರಷ್ಟು ಇಳಿದಿತ್ತು ಎಂದು 2018ರಲ್ಲಿ ವರದಿಯಾಯಿತು. ಆಂಜಿಯೋಟೆನ್ಸಿನ್ ಹಾದಿಯನ್ನು ತಡೆಯುವ ಔಷಧಿಯನ್ನು ಆ ರೋಗಿಗಳು ಮೊದಲೇ ತೆಗೆದುಕೊಳ್ಳುತ್ತಿದ್ದರು. ಅದರ ಮೇಲೆ ಬಂದ ಲಾಭ ಇದು. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಅಕ್ಷಿಪಟಲ ಬಾತವರಲ್ಲಿ ಅದೇ ಮಾತ್ರೆ ಊತ ಇಳಿಸಲಿಲ್ಲ.

ಆಸ್ಟ್ರೇಲಿಯಾದ ಫಾರ್ಮಾಕ್ಸಿಸ್ ಕಂಪನಿ ರೂಪಿಸಿದ ಇನ್ನೊಂದು ತಡೆಯನ್ನು ಜರ್ಮನಿಯ ಬೋರಿಂಗರ್ ಇಂಗೆಲ್‌ಹೈಮ್ 2015ರಲ್ಲಿ ಕೊಂಡು, ಕೊಬ್ಬಿನಿಂದ ಉರಿಯೂತವಾದ ಪಿತ್ತಜನಕಾಂಗದ ಕಾಯಿಲೆಯಲ್ಲಿ ಪರೀಕ್ಷಿಸಿತು. ಗುರಿಯ ಕಿಣ್ವ ಚೆನ್ನಾಗಿಯೇ ತಡೆಯಲ್ಪಟ್ಟಿತು. ಆದರೆ ಪ್ರಮಾಣ ಏರಿದಂತೆ ಮಾನೋಅಮೀನ್ ಆಕ್ಸಿಡೇಸಿನ ಬಿ ರೂಪವೂ ತಡೆಯಲ್ಪಡುತ್ತಿತ್ತು, ಇತರ ಔಷಧಿಗಳೊಡನೆ ಘರ್ಷಣೆಯ ಅಪಾಯವಿತ್ತು. 2019ರ ಕೊನೆಗೆ ಆ ಕಾಯಿಲೆಗೆ ಅದನ್ನು ಕೈಬಿಡಲಾಯಿತು. 1928ರಲ್ಲಿ ಮೇರಿ ಹೇರ್ ಕಂಡ ಕಿಣ್ವಕ್ಕೂ ಹಂದಿಯ ರಕ್ತದ ಕಿಣ್ವಕ್ಕೂ ಇರುವ ಅಂತರವನ್ನು ಗುರುತಿಸಲು ರಸಾಯನಶಾಸ್ತ್ರಜ್ಞರು ಪಟ್ಟ ಶ್ರಮವನ್ನೇ ಔಷಧಿ ಕಂಪನಿಗಳು ಇನ್ನೊಮ್ಮೆ ಪಡಬೇಕಾಯಿತು. ವ್ಯಾಪ್-1ರ ವಿರುದ್ಧದ ಯಾವ ಔಷಧಿಯೂ ಈವರೆಗೆ ಮಾರುಕಟ್ಟೆಗೆ ಬಂದಿಲ್ಲ. ಉರಿಯೂತದಲ್ಲಿ ಬಿಳಿ ಕಣಗಳಿಗೆ ಬೇರೆ ದಾರಿಗಳೂ ಇವೆ ಎಂಬುದು ಒಂದು ಕಾರಣ. ಈ ಕಿಣ್ವ ಕೊಬ್ಬಿನ ಮತ್ತು ನಯ ಸ್ನಾಯುವಿನ ಜೀವಕೋಶಗಳಲ್ಲೂ ಹೇರಳವಾಗಿದೆ ಎಂಬುದು ಇನ್ನೊಂದು ತೊಡಕು.

ಎರಡನೆಯ ಕಿಣ್ವದ ಸ್ವಭಾವ ಇದಕ್ಕೆ ಪೂರ್ತಿ ವಿರುದ್ಧ. ವ್ಯಾಪ್-1 ಉರಿಯೂತವನ್ನು ಕೆರಳಿಸಿದರೆ ಸಿಡಿ73 ಅದನ್ನು ತಣಿಸುತ್ತದೆ. ಹಾಗಾಗಿ ಇಲ್ಲಿ ಬೇಕಾದ ಔಷಧಿ ತಡೆಯುವುದಲ್ಲ, ಹೆಚ್ಚಿಸುವುದು. ಇದರ ಹಿನ್ನೆಲೆ 1929ಕ್ಕೆ ಹೋಗುತ್ತದೆ. ಹೃದಯದ ಸ್ನಾಯುವಿನಿಂದ ತೆಗೆದ ಸಾರದಲ್ಲಿರುವ ಅಡೆನೊಸಿನ್ ಹೃದಯದ ಬಡಿತವನ್ನು ನಿಧಾನಿಸುತ್ತದೆ, ನಾಳಗಳನ್ನು ಹಿಗ್ಗಿಸುತ್ತದೆ ಎಂದು ಕೇಂಬ್ರಿಜ್‌ನಲ್ಲಿ ಅಲನ್ ಡ್ರೂರಿ ಮತ್ತು ಆಲ್ಬರ್ಟ್ ಸೆಂಟ್‌-ಜ್ಯೋರ್ಜಿ ಆ ವರ್ಷ ತೋರಿಸಿದರು. ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಇರಬೇಕಾದದ್ದು ಒಳಗೆ. ಜೀವಕೋಶ ಗಾಯಗೊಂಡರೆ ಹೊರಗೆ ಚೆಲ್ಲುತ್ತದೆ, ಹೊರಗೆ ಬಿದ್ದ ಎಟಿಪಿ ಅಪಾಯದ ಸೂಚನೆಯಾಗಿ ಬಿಳಿ ಕಣಗಳನ್ನು ಕೆರಳಿಸುತ್ತದೆ. ನಾಳದ ಗೋಡೆಯ ಮೇಲಿರುವ ಸಿಡಿ39 ಎಂಬ ಕಿಣ್ವ ಅದರ ಫಾಸ್ಫೇಟುಗಳನ್ನು ಎರಡು ಹೆಜ್ಜೆಗಳಲ್ಲಿ ಕಳಚಿ ಎಎಂಪಿಗೆ ಇಳಿಸುತ್ತದೆ. ಪಕ್ಕದಲ್ಲೇ ಇರುವ ಸಿಡಿ73 ಎಎಂಪಿಯಿಂದ ಕೊನೆಯ ಫಾಸ್ಫೇಟನ್ನೂ ಕಳಚಿ ಅಡೆನೊಸಿನ್ ಮಾಡುತ್ತದೆ. ಅಡೆನೊಸಿನ್ ರಕ್ತದಲ್ಲಿ ಬಾಳುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ಅದು ಗೋಡೆಯ ಜೀವಕೋಶಗಳ ನಡುವಣ ಸಂದನ್ನು ಬಿಗಿಗೊಳಿಸುತ್ತದೆ, ಬಿಳಿ ಕಣಗಳ ಆವೇಶವನ್ನು ತಗ್ಗಿಸುತ್ತದೆ. ಸಂಧಿವಾತಕ್ಕೆ ವಾರಕ್ಕೊಮ್ಮೆ ಕಡಿಮೆ ಪ್ರಮಾಣದಲ್ಲಿ ಕೊಡುವ ಮೆಥೊಟ್ರೆಕ್ಸೇಟ್ ಕೆಲಸ ಮಾಡುವುದು ಭಾಗಶಃ ಅಡೆನೊಸಿನ್ ಮೂಲಕವೇ ಎಂದು ನ್ಯೂಯಾರ್ಕಿನ ಬ್ರೂಸ್ ಕ್ರೋನ್‌ಸ್ಟೀನ್ 1990ರ ದಶಕದಲ್ಲಿ ವಾದಿಸಿದರು.

ಸಿಡಿ73 ಟುರ್ಕುವಿನ ಕೈಗೆ ಬಂದದ್ದೂ ಪ್ರತಿಕಾಯದ ಬಲೆಯಿಂದಲೇ. ಲಿಂಫೋಸೈಟುಗಳ ಮೇಲೂ ಗೋಡೆಯ ಮೇಲೂ ಇರುವ, ಅಂಟುವಿಕೆಗೆ ಸಂಬಂಧಿಸಿದ ಹೊಸ ಅಣುವೊಂದು ಸಿಕ್ಕಿದೆ ಎಂದುಕೊಂಡಿದ್ದ ಲೌರಾ ಐರಾಸ್ ಮತ್ತು ತಂಡ, 1995ರಲ್ಲಿ ಅದು ಸಿಡಿ73 ಎಂದೇ ಗುರುತಿಸಿತು. ಸಿಡಿ73 ಇಲ್ಲದ ಇಲಿಗಳನ್ನು ಲಿಂಡಾ ಥಾಂಪ್ಸನ್ ಮತ್ತು ಸಹೋದ್ಯೋಗಿಗಳು 2004ರಲ್ಲಿ ವರದಿ ಮಾಡಿದರು. ಆಮ್ಲಜನಕ ಕಡಿಮೆಯಾದಾಗ ಆ ಇಲಿಗಳ ನಾಳಗಳು, ಅದರಲ್ಲೂ ಶ್ವಾಸಕೋಶದವು, ವಿಪರೀತ ಸೋರುತ್ತಿದ್ದವು. ಅದೇ ಕಾಲಕ್ಕೆ ಟುರ್ಕುವಿನ ಪ್ರಯೋಗಶಾಲೆ ಇಂಟರ್‌ಫೆರಾನ್ ಕೊಟ್ಟರೆ ಗೋಡೆಯ ಮೇಲೆ ಸಿಡಿ73 ಹೆಚ್ಚುತ್ತದೆ ಎಂದು ಕಂಡುಕೊಂಡಿತ್ತು. ಇಂಟರ್‌ಫೆರಾನ್ ಬೀಟಾ 1993ರಿಂದಲೇ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳಿಗೆ ಕೊಡುತ್ತಿದ್ದ ಔಷಧಿ. ಹಳೆಯ ಔಷಧಿಯನ್ನು ಸೋರುವ ಶ್ವಾಸಕೋಶಕ್ಕೆ ಕೊಟ್ಟು ನೋಡುವ ಆಲೋಚನೆ ಹೀಗೆ ಹುಟ್ಟಿತು.

ಸೋರುವ ಶ್ವಾಸಕೋಶದ ಆ ಕಾಯಿಲೆಯನ್ನು, ಅಂದರೆ ಎಆರ್‌ಡಿಎಸ್ ಎಂಬುದನ್ನು, ಅಮೆರಿಕದ ವೈದ್ಯರು 1967ರಲ್ಲಿ 12 ರೋಗಿಗಳ ವಿವರದೊಡನೆ ಮೊದಲ ಬಾರಿಗೆ ಬಣ್ಣಿಸಿದ್ದರು. ನ್ಯುಮೋನಿಯಾ, ರಕ್ತದ ನಂಜು, ಅಪಘಾತ, ಯಾವುದರಿಂದ ಬಂದರೂ ಇದು ತೀವ್ರನಿಗಾ ಘಟಕದ ವೈದ್ಯರನ್ನು ಕಂಗೆಡಿಸುವ ಸ್ಥಿತಿ. ವೆಂಟಿಲೇಟರ್ ಹಾಕಿ ಕಾಯುವುದರ ಹೊರತು ಗೋಡೆಯನ್ನೇ ಸರಿಪಡಿಸುವ ಔಷಧಿ ಇರಲಿಲ್ಲ. ಬ್ರಿಟನ್ನಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಮೊದಲ ಪರೀಕ್ಷೆಯಲ್ಲಿ, ರಕ್ತನಾಳಕ್ಕೆ ನೇರವಾಗಿ ಇಂಟರ್‌ಫೆರಾನ್ ಬೀಟಾ ಪಡೆದ 37 ಮಂದಿಯಲ್ಲಿ 28 ದಿನಗಳೊಳಗೆ ಸತ್ತವರು 3 ಮಂದಿ. ಹೋಲಿಕೆಗೆ ಇಟ್ಟುಕೊಂಡ 59 ಮಂದಿಯಲ್ಲಿ 19. ಔಷಧಿ ಪಡೆಯುವವರನ್ನು ಚೀಟಿ ಎತ್ತಿದಂತೆ ಆರಿಸಿದ ಪರೀಕ್ಷೆ ಅದಾಗಿರಲಿಲ್ಲ. ಆದರೂ ಅಂತರ ಕಣ್ಣು ಕುಕ್ಕುವಂತಿತ್ತು.

ದೊಡ್ಡ ಪರೀಕ್ಷೆಯನ್ನು ಟುರ್ಕುವಿನ ಫ್ಯಾರನ್ ಕಂಪನಿ ಯೂರೋಪಿನ 8 ದೇಶಗಳಲ್ಲಿ ನಡೆಸಿತು. ಫಲಿತಾಂಶ 2020ರಲ್ಲಿ ಪ್ರಕಟವಾಯಿತು: 28 ದಿನಗಳ ಸಾವು ಔಷಧಿ ಪಡೆದವರಲ್ಲಿ ಶೇ. 26.4, ಹುಸಿ ಔಷಧಿಯವರಲ್ಲಿ ಶೇ. 23.0. ಲಾಭವಿರಲಿಲ್ಲ. ಸೋಲಿನ ಕಾರಣ ಹುಡುಕಿದಾಗ ಕಣ್ಣಿಗೆ ಬಿದ್ದದ್ದು ಸ್ಟಿರಾಯ್ಡ್. ಎಷ್ಟೋ ರೋಗಿಗಳಿಗೆ ವೈದ್ಯರು ಜೊತೆಗೇ ಸ್ಟಿರಾಯ್ಡ್ ಕೊಟ್ಟಿದ್ದರು. ಮಾನವ ಶ್ವಾಸಕೋಶದ ಅಂಗಾಂಶವನ್ನು ಪ್ರಯೋಗಶಾಲೆಯಲ್ಲಿಟ್ಟು ನೋಡಿದಾಗ, ಸ್ಟಿರಾಯ್ಡ್ ಇಂಟರ್‌ಫೆರಾನಿನ ಸೂಚನೆಯನ್ನೇ ಅಡಗಿಸಿ ಸಿಡಿ73 ಏರದಂತೆ ಮಾಡುವುದು ಕಂಡುಬಂತು. ಪರೀಕ್ಷೆ ಮುಗಿದ ಮೇಲೆ ಮಾಡಿದ ವಿಶ್ಲೇಷಣೆಗೆ ಪುರಾವೆಯ ಬಲ ಕಡಿಮೆ ಎಂಬುದು ನಿಜ. ಆದರೂ ಎರಡು ಉರಿಯೂತನಿರೋಧಕಗಳು ಒಂದರ ಕೆಲಸವನ್ನು ಇನ್ನೊಂದು ಕೆಡಿಸಬಹುದು ಎಂಬ ಈ ಎಚ್ಚರಿಕೆ ಬೆಲೆಯುಳ್ಳದ್ದು. ಅದನ್ನು ಮತ್ತೆ ಒರೆಗೆ ಹಚ್ಚುವಷ್ಟರಲ್ಲಿ ಕೋವಿಡ್ ಬಂದಿತ್ತು, ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಜೀವ ಉಳಿಸುತ್ತದೆ ಎಂದು 2020ರ ಜೂನ್‌ನಲ್ಲಿ ಸಾಬೀತಾಗಿ ತೀವ್ರನಿಗಾ ಘಟಕಗಳಲ್ಲಿ ಸ್ಟಿರಾಯ್ಡ್ ವಾಡಿಕೆಯ ಚಿಕಿತ್ಸೆಯಾಗಿಬಿಟ್ಟಿತು.

ಸಿಡಿ73ರ ಪ್ರಮಾಣ ಎತ್ತ ವಾಲಿದರೂ ತೊಂದರೆಯಿದೆ ಎಂಬುದೂ ಈ ನಡುವೆ ಸ್ಪಷ್ಟವಾಗಿತ್ತು. ಈ ಕಿಣ್ವ ಹುಟ್ಟಿನಿಂದಲೇ ಇಲ್ಲದ ಕೆಲವು ಕುಟುಂಬಗಳನ್ನು ಅಮೆರಿಕದ ಸಂಶೋಧಕರು 2011ರಲ್ಲಿ ವಿವರಿಸಿದರು: ಅವರ ಕಾಲಿನ ಅಪಧಮನಿಗಳಲ್ಲಿ, ಕೈಕಾಲಿನ ಕೀಲುಗಳ ಸುತ್ತ ಸುಣ್ಣ ಕಟ್ಟುತ್ತಿತ್ತು, ನಡೆದರೆ ನೋವು ಬರುತ್ತಿತ್ತು. ಇನ್ನೊಂದೆಡೆ ಅನೇಕ ಕ್ಯಾನ್ಸರ್ ಗಡ್ಡೆಗಳು ಸಿಡಿ73ನ್ನು ಹೇರಳವಾಗಿ ಬೆಳೆಸಿಕೊಂಡು, ಅಡೆನೊಸಿನ್ ಮರೆಯಲ್ಲಿ ರೋಗನಿರೋಧಕ ಕಣಗಳಿಂದ ತಪ್ಪಿಸಿಕೊಳ್ಳುತ್ತವೆ. ಹಾಗಾಗಿ ಕ್ಯಾನ್ಸರ್ ವೈದ್ಯರು ಇದೇ ಕಿಣ್ವವನ್ನು ತಡೆಯುವ ಔಷಧಿಗಳನ್ನು ಪರೀಕ್ಷಿಸುತ್ತಿದ್ದಾರೆ. ಉರಿಯೂತಕ್ಕಾಗಿ ಸಿಡಿ73ನ್ನು ಹೆಚ್ಚಿಸುವ ಯಾವುದೇ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುವುದಾದರೆ ಈ ಎರಡನೆಯ ಸಂಗತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಎಆರ್‌ಡಿಎಸ್‌ನಂಥ ಅಲ್ಪಕಾಲದ ಕಾಯಿಲೆಯನ್ನು ಮೊದಲು ಆರಿಸಿಕೊಂಡದ್ದು ಆ ದೃಷ್ಟಿಯಿಂದಲೂ ವಿವೇಕದ ಆಯ್ಕೆ.

ಚಿಕಿತ್ಸೆಯಾಗಿ ತಡವರಿಸಿದ ವ್ಯಾಪ್-1 ರೋಗಪತ್ತೆಗೆ ಬೇರೊಂದು ಬಗೆಯಲ್ಲಿ ಒದಗಿದೆ. ಮುಖ್ಯವಾಗಿ ಉರಿಯೂತವಿರುವ ಕಡೆ ಈ ಅಣು ಗೋಡೆಯ ಮೇಲಕ್ಕೆ ಬರುವುದರಿಂದ, ಅದಕ್ಕೆ ಕಚ್ಚಿಕೊಳ್ಳುವ ಸಿಗ್ಲೆಕ್-9ರ ಸಣ್ಣ ತುಣುಕಿಗೆ ವಿಕಿರಣಶೀಲ ಗ್ಯಾಲಿಯಂ-68 ಜೋಡಿಸಿ ರಕ್ತಕ್ಕೆ ಬಿಟ್ಟರೆ, ಪೆಟ್ ಸ್ಕ್ಯಾನಿನಲ್ಲಿ ಉರಿಯೂತದ ಜಾಗ ಬೆಳಗಿ ಕಾಣುತ್ತದೆ. ಗ್ಯಾಲಿಯಂ-68ರ ಅರ್ಧಾಯುಷ್ಯ ಸುಮಾರು 68 ನಿಮಿಷವಾದ್ದರಿಂದ ವಿಕಿರಣ ಬೇಗ ಅಳಿಯುತ್ತದೆ. ಟುರ್ಕು ಪೆಟ್ ಕೇಂದ್ರದಲ್ಲಿ ಆನ್ನೆ ರೊಯ್ವೈನೆನ್ ಬಳಗ ಪ್ರಾಣಿಗಳಲ್ಲಿ ವರ್ಷಗಟ್ಟಲೆ ಪರೀಕ್ಷಿಸಿದ ಈ ವಿಧಾನವನ್ನು ಮನುಷ್ಯರಲ್ಲಿ ಬಳಸಿದ ಮೊದಲ ವರದಿ 2021ರಲ್ಲಿ ಬಂತು. ಆರೋಗ್ಯವಂತ ಸ್ವಯಂಸೇವಕರ ನಂತರ ಸಂಧಿವಾತದ ರೋಗಿಗಳಲ್ಲಿ ಕೀಲುಗಳನ್ನು ನೋಡುವ ಕೆಲಸ ಮುಂದುವರಿದಿದೆ. ಯಾವ ರೋಗಿಯ ಯಾವ ಅಂಗದ ನಾಳದಲ್ಲಿ ವ್ಯಾಪ್-1 ನಿಜವಾಗಿ ಮೇಲೆ ಬಂದಿದೆ ಎಂದು ಮೊದಲೇ ನೋಡಿ, ಅಂಥವರನ್ನು ಮಾತ್ರ ಔಷಧಿಯ ಪರೀಕ್ಷೆಗೆ ಆರಿಸುವುದು ಇದರಿಂದ ಸಾಧ್ಯವಾಗುತ್ತದೆ. ವ್ಯಾಪ್-1ರ ವಿರುದ್ಧ ಹಿಂದೆ ಪರೀಕ್ಷಿಸಿದ ಯಾವ ಔಷಧಿಗೂ ಈ ಅನುಕೂಲ ಇರಲಿಲ್ಲ.